ಆರೋಗ್ಯ ಸೇವೆಯ ಆಯ್ಕೆಯಲ್ಲಿ ನಿರ್ಣಯ ತಂತ್ರಜ್ಞಾನ: ಕೇಳುವವರು ನಾವಾಗಬೇಕು

ವ್ಯಾಪಾರೋದ್ಯಮಿಗಳಾದ ನಮ್ಮಲ್ಲಿ ಒಂದು ಒಳ್ಳೆಯ ಅಭ್ಯಾಸವಿದೆ. ಕಾರ್ಖಾನೆಗೆ ಎರಡು ಲಕ್ಷ ರೂಪಾಯಿಯ ಡ್ರಿಲ್ಲಿಂಗ್ ಯಂತ್ರವೊಂದು ಬೇಕಾದರೆ ಕನಿಷ್ಠ ಮೂರು ಕಡೆಯಿಂದ ಕೊಟೇಶನ್ ತರಿಸುತ್ತೇವೆ. ಅದನ್ನು ಈಗಾಗಲೇ ಬಳಸುತ್ತಿರುವ ಇಬ್ಬರನ್ನು ವಿಚಾರಿಸುತ್ತೇವೆ. ಬಿಡಿಭಾಗಗಳು ಎಲ್ಲಿ ಸಿಗುತ್ತವೆ, ವಾರಂಟಿ ಎಷ್ಟು ವರ್ಷ, ಈ ವರ್ಷ ಕೊಳ್ಳದಿದ್ದರೆ ಆಗುವ ನಷ್ಟವೇನು ಎಂದು ಲೆಕ್ಕ ಹಾಕುತ್ತೇವೆ. ಆದರೆ ಅದೇ ಎರಡು ಲಕ್ಷ ರೂಪಾಯಿಯನ್ನು ಶಸ್ತ್ರಚಿಕಿತ್ಸೆಗೋ ದುಬಾರಿ ಚಿಕಿತ್ಸೆಗೋ ವ್ಯಯಿಸಬೇಕಾದಾಗ ನಮ್ಮ ಬಾಯಿಂದ ಒಂದು ಪ್ರಶ್ನೆಯೂ ಹೊರಡುವುದಿಲ್ಲ. ವೈದ್ಯರನ್ನು ನಾರಾಯಣನ ಸ್ವರೂಪವೆಂದು ಕಾಣುವ ನಾಡು ನಮ್ಮದು. ಆ ಗೌರವ ಉಳಿಯಲೇಬೇಕು. ಆದರೆ ಗೌರವಕ್ಕೂ ಪ್ರಶ್ನೆಗೂ ವಿರೋಧವಿಲ್ಲ ಎಂಬುದನ್ನು ಸದಸ್ಯ ಬಾಂಧವರ ಮುಂದೆ ನಿವೇದಿಸುವುದು ಈ ಲೇಖನದ ಉದ್ದೇಶ.

ನನ್ನದೇ ಘಟಕದಲ್ಲಿ 2018ರಲ್ಲಿ ನಡೆದ ಒಂದು ಪ್ರಸಂಗವನ್ನು ಮೊದಲು ಹೇಳಬೇಕು. ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷಗಳಿಂದ ದುಡಿಯುತ್ತಿದ್ದ ಹಿರಿಯ ಟರ್ನರ್ ಒಬ್ಬರಿಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುತ್ತಿತ್ತು. ಕುಳಿತು ವಿಶ್ರಮಿಸಿದರೆ ಸರಿಹೋಗುತ್ತಿತ್ತು. ಹಲವು ತಿಂಗಳುಗಳಿಂದ ಇದೇ ಸ್ಥಿತಿ. ಆಸ್ಪತ್ರೆಯೊಂದಕ್ಕೆ ಹೋದರು, ಆಂಜಿಯೋಗ್ರಾಂ ಆಯಿತು, ಎರಡು ಸ್ಟೆಂಟ್ ಹಾಕಬೇಕೆಂದು ತಿಳಿಸಲಾಯಿತು. ಅವರ ವೇತನವು ಆಗಿನ ರೂ. 21,000ದ ಮಿತಿಯನ್ನು ಸ್ವಲ್ಪ ದಾಟಿದ್ದುದರಿಂದ ಅವರು ಇಎಸ್‌ಐ ವ್ಯಾಪ್ತಿಯಿಂದ ಹೊರಗಿದ್ದರು. ಸಂಜೆ ನನ್ನ ಮೇಜಿನ ಮುಂದೆ ನಿಂತು, "ಸಾಹೇಬ್ರ, ನಾಳಿ ಮುಂಜಾನೆ ರೊಕ್ಕ ಕಟ್ಟಬೇಕಂತ. ನೀವ ಏನರ ಮಾಡ್ರಿ" ಎಂದರು. ಹತ್ತು ನಿಮಿಷದೊಳಗೆ ಒಂದು ಲಕ್ಷ ರೂಪಾಯಿ ಮುಂಗಡ ಕೊಟ್ಟೆ. ಉಳಿದ ತೊಂಬತ್ತು ಸಾವಿರಕ್ಕೆ ಅವರು ಪತ್ನಿಯ ಬಂಗಾರವನ್ನು ಒತ್ತೆ ಇಟ್ಟರು. ಮುಂಗಡವು ಮೂರು ವರ್ಷ ಅವರ ಸಂಬಳದಲ್ಲಿ ಕಡಿತವಾಯಿತು. ಬಂಗಾರ ಮಾತ್ರ ಮರಳಿ ಬರಲಿಲ್ಲ.

ಆ ಚಿಕಿತ್ಸೆ ತಪ್ಪಾಗಿತ್ತೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಅರ್ಹತೆಯೂ ನನಗಿಲ್ಲ. ಅವರು ಈಗ ನಿವೃತ್ತರಾಗಿ ಆರೋಗ್ಯವಾಗಿದ್ದಾರೆ. ನನ್ನ ಕೊರಗು ಬೇರೆಯದು. ಆ ಸಂಜೆ ಅವರಾಗಲಿ ನಾನಾಗಲಿ, "ಇದನ್ನು ಮಾಡಿದರೆ ಏನು ಲಾಭ, ಔಷಧಿಯಿಂದಲೇ ನೋಡಿದರೆ ಏನಾಗುತ್ತದೆ, ಒಂದು ವಾರ ತಡೆದರೆ ಅಪಾಯವೆಷ್ಟು" ಎಂಬ ಮೂರು ಪ್ರಶ್ನೆಗಳನ್ನು ಯಾರಿಗೂ ಕೇಳಲಿಲ್ಲ. ಆದ್ದರಿಂದ ಆ ನಿರ್ಣಯ ಸರಿಯೋ ತಪ್ಪೋ ಎಂಬುದು ಇಂದಿಗೂ ನಮಗೆ ತಿಳಿಯದು. ಯಂತ್ರ ಖರೀದಿಯ ಕಡತ ನನ್ನ ಕಪಾಟಿನಲ್ಲಿದೆ. ಒಬ್ಬ ಮನುಷ್ಯನ ಹೃದಯದ ಬಗ್ಗೆ ಕೈಗೊಂಡ ನಿರ್ಣಯಕ್ಕೆ ಒಂದು ಹಾಳೆಯೂ ಇಲ್ಲ.

ನಿರ್ಣಯ ತಂತ್ರಜ್ಞಾನ ಎಂದರೇನು?

"ತಂತ್ರಜ್ಞಾನ" ಎಂದೊಡನೆ ಗಣಕಯಂತ್ರ, ಕೃತಕ ಬುದ್ಧಿಮತ್ತೆ, ಕೋಟ್ಯಂತರ ರೂಪಾಯಿಯ ಉಪಕರಣ ಎಂದು ಭಾವಿಸಬೇಕಾಗಿಲ್ಲ. ತಿಳಿದಿರುವ ಮಾಹಿತಿಯನ್ನು ಕ್ರಮವಾಗಿ ಜೋಡಿಸಿ, ಒಳ್ಳೆಯ ಆಯ್ಕೆಗೆ ದಾರಿ ಮಾಡಿಕೊಡುವ ಯಾವುದೇ ಸಾಧನವು ನಿರ್ಣಯ ತಂತ್ರಜ್ಞಾನವೇ. ಅದು ಒಂದು ಹಾಳೆಯೂ ಆಗಿರಬಹುದು, ಒಂದು ಕೋಷ್ಟಕವೂ ಆಗಿರಬಹುದು, ಗಣಕಯಂತ್ರದ ತಂತ್ರಾಂಶವೂ ಆಗಿರಬಹುದು.

ನಮ್ಮ ಮಕ್ಕಳು ಮೊಮ್ಮಕ್ಕಳು ಹುಟ್ಟಿದ ನಿಮಿಷದಲ್ಲಿಯೇ ಇಂಥ ಒಂದು ಸಾಧನದಿಂದ ಅಳೆಯಲ್ಪಟ್ಟಿರುತ್ತಾರೆ. ಅಮೆರಿಕದ ಅರಿವಳಿಕೆ ತಜ್ಞೆ ಡಾ. ವರ್ಜೀನಿಯಾ ಆಪ್ಗರ್ 1953ರಲ್ಲಿ ಪ್ರಕಟಿಸಿದ ಅಂಕಪದ್ಧತಿ ಅದು. ಶಿಶುವಿನ ಹೃದಯಬಡಿತ, ಉಸಿರಾಟ, ಸ್ನಾಯುಗಳ ಬಿಗುವು, ಪ್ರತಿಕ್ರಿಯೆ, ಮೈಬಣ್ಣ ಎಂಬ ಐದು ಲಕ್ಷಣಗಳಿಗೆ ತಲಾ ಸೊನ್ನೆಯಿಂದ ಎರಡರವರೆಗೆ ಅಂಕ, ಒಟ್ಟು ಹತ್ತು. ಇದಕ್ಕೆ ವಿದ್ಯುತ್ತೂ ಬೇಡ, ಯಂತ್ರವೂ ಬೇಡ. ಆದರೂ "ಮಗು ಸ್ವಲ್ಪ ಸಪ್ಪಗಿದೆ" ಎಂಬ ಅನಿಸಿಕೆಯ ಜಾಗದಲ್ಲಿ ಎಲ್ಲರಿಗೂ ಒಂದೇ ಅರ್ಥ ಕೊಡುವ ಅಳತೆಯೊಂದು ಬಂದಿತು.

ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪರಿಶೀಲನಾ ಪಟ್ಟಿ ಇನ್ನೊಂದು ಉದಾಹರಣೆ. ರೋಗಿ ಯಾರು, ಶಸ್ತ್ರಚಿಕಿತ್ಸೆ ಯಾವ ಭಾಗಕ್ಕೆ, ಔಷಧಿಯ ಅಲರ್ಜಿ ಇದೆಯೇ ಎಂಬಂಥ 19 ಅಂಶಗಳನ್ನು ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳುವುದಷ್ಟೇ ಇದರ ಕ್ರಮ. ನವದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಟ್ಟಿಯ ಬಳಕೆಗೆ ಮುನ್ನ ಶೇ. 1.5ರಷ್ಟಿದ್ದ ಸಾವಿನ ಪ್ರಮಾಣವು ನಂತರ ಶೇ. 0.8ಕ್ಕೆ ಇಳಿದಿತ್ತು. ತೊಡಕುಗಳು ಶೇ. 11ರಿಂದ ಶೇ. 7ಕ್ಕೆ ಇಳಿದಿದ್ದವು.

ನಮ್ಮ ಆಶಾ ಕಾರ್ಯಕರ್ತೆಯರು 30 ವರ್ಷ ಮೀರಿದವರ ಮನೆಗೆ ಬಂದು ತುಂಬಿಕೊಳ್ಳುವ ನಮೂನೆಯೂ ಇದೇ ಜಾತಿಗೆ ಸೇರಿದ್ದು. ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ವ್ಯಾಯಾಮ, ಮನೆತನದ ಕಾಯಿಲೆ ಇವುಗಳಿಗೆ ಅಂಕ ನೀಡಿ, ಮೊತ್ತವು ನಾಲ್ಕನ್ನು ಮೀರಿದವರನ್ನು ಮೊದಲು ತಪಾಸಣೆಗೆ ಕಳುಹಿಸುತ್ತಾರೆ. ಸರಳವಾದದ್ದು ಕೀಳಲ್ಲ ಎಂಬುದಕ್ಕೆ ಇವೆಲ್ಲ ಸಾಕ್ಷಿ.

ಸರಕಿನ ದರ ಬೇರೆ, ಸರಕಿನ ಅಗತ್ಯ ಬೇರೆ

ಈಗ ನಮ್ಮ ಟರ್ನರ್ ಅವರ ವಿಷಯಕ್ಕೆ ಮರಳೋಣ. ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು 2017ರ ಫೆಬ್ರುವರಿಯಲ್ಲಿ ಸ್ಟೆಂಟ್‌ಗಳಿಗೆ ಗರಿಷ್ಠ ಬೆಲೆ ನಿಗದಿಪಡಿಸಿತು. ಲಕ್ಷ ರೂಪಾಯಿ ಮೀರಿ ಮಾರಾಟವಾಗುತ್ತಿದ್ದ ಔಷಧ ಲೇಪಿತ ಸ್ಟೆಂಟಿಗೆ ಅಂದು ರೂ. 29,600, ಸಾದಾ ಲೋಹದ ಸ್ಟೆಂಟಿಗೆ ರೂ. 7,260 ಎಂದು ಮಿತಿ ಹಾಕಲಾಯಿತು. ಇದು ಸ್ವಾಗತಾರ್ಹ ಕ್ರಮವೇ ಸರಿ. ಆದರೆ ಬೆಲೆ ನಿಯಂತ್ರಣವು ಸರಕಿನ ದರವನ್ನು ಇಳಿಸಬಲ್ಲದು. ಆ ಸರಕು ನಮಗೆ ಬೇಕೇ ಬೇಡವೇ ಎಂಬುದನ್ನು ಹೇಳಲಾರದು. ಅಗತ್ಯವಿಲ್ಲದ ವಸ್ತು ಅರ್ಧ ಬೆಲೆಗೆ ದೊರೆತರೂ ನಷ್ಟವೇ ಎಂಬುದು ವ್ಯಾಪಾರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಬೇಕೇ ಬೇಡವೇ ಎಂಬ ಪ್ರಶ್ನೆಗೆ ವೈದ್ಯವಿಜ್ಞಾನವು ಉತ್ತರ ಹುಡುಕಿದೆ. 2007ರಲ್ಲಿ ಪ್ರಕಟವಾದ "ಕರೇಜ್" ಎಂಬ ಅಧ್ಯಯನದಲ್ಲಿ ಸ್ಥಿರ ಸ್ವರೂಪದ ಹೃದಯ ರಕ್ತನಾಳ ಕಾಯಿಲೆಯುಳ್ಳ 2,287 ರೋಗಿಗಳನ್ನು ಎರಡು ಗುಂಪು ಮಾಡಲಾಗಿತ್ತು. ಒಂದು ಗುಂಪಿಗೆ ಉತ್ತಮ ಔಷಧೋಪಚಾರ. ಇನ್ನೊಂದಕ್ಕೆ ಅದರೊಂದಿಗೆ ಸ್ಟೆಂಟ್ ಇತ್ಯಾದಿ ಚಿಕಿತ್ಸೆ. ಸುಮಾರು ನಾಲ್ಕೂವರೆ ವರ್ಷಗಳಲ್ಲಿ ಸಾವು ಅಥವಾ ಹೃದಯಾಘಾತದ ಪ್ರಮಾಣದಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2020ರಲ್ಲಿ ಪ್ರಕಟವಾದ, 37 ದೇಶಗಳ 5,179 ರೋಗಿಗಳನ್ನೊಳಗೊಂಡ "ಇಸ್ಕೀಮಿಯಾ" ಅಧ್ಯಯನವೂ ಬಹುತೇಕ ಇದೇ ತೀರ್ಮಾನಕ್ಕೆ ಬಂದಿತು. ಆದರೆ ಪದೇ ಪದೇ ಎದೆನೋವಿನಿಂದ ಬಳಲುವವರಿಗೆ ಸ್ಟೆಂಟ್ ಅಥವಾ ಬೈಪಾಸ್ ಚಿಕಿತ್ಸೆಯಿಂದ ನೋವು ಹೆಚ್ಚು ಕಡಿಮೆಯಾಯಿತು ಎಂಬುದನ್ನೂ ಅದೇ ಅಧ್ಯಯನ ತೋರಿಸಿತು.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಇವೆಲ್ಲ ಸ್ಥಿರ ಸ್ವರೂಪದ ಎದೆನೋವಿಗೆ ಸಂಬಂಧಿಸಿದ ಮಾತುಗಳು. ಹೃದಯದ ಮುಖ್ಯ ಎಡ ರಕ್ತನಾಳವೇ ಕಿರಿದಾಗಿರುವಂಥ ಕೆಲವು ರೋಗಿಗಳನ್ನು ಇಸ್ಕೀಮಿಯಾ ಅಧ್ಯಯನದಿಂದ ಹೊರಗಿಡಲಾಗಿತ್ತು. ಇನ್ನು ಹಠಾತ್ ಹೃದಯಾಘಾತವಾದಾಗಲಂತೂ ಪ್ರತಿ ನಿಮಿಷವೂ ಅಮೂಲ್ಯ. ಆಗ ಪ್ರಶ್ನೆ ಕೇಳುತ್ತ ಕೂರದೆ ಆಸ್ಪತ್ರೆಗೆ ಧಾವಿಸಬೇಕು.

ಹಾಗಾದರೆ ಸ್ಥಿರ ಎದೆನೋವಿನ ರೋಗಿಯು ಆರಿಸಿಕೊಳ್ಳಬೇಕಾದದ್ದೇನು? ನೋವು ಬೇಗ ಕಡಿಮೆಯಾಗುವುದು ಆತನಿಗೆ ಎಷ್ಟು ಮುಖ್ಯ, ಖರ್ಚನ್ನು ಎಷ್ಟು ತಾಳಬಲ್ಲ, ಔಷಧಿಗಳನ್ನು ನಿಯಮಿತವಾಗಿ ತೆಗೆದುಕೊಳ್ಳಬಲ್ಲನೇ ಎಂಬುದರ ಮೇಲೆ ಆಯ್ಕೆ ನಿಲ್ಲುತ್ತದೆ. ಇದಕ್ಕಾಗಿಯೇ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಇಂಥ ರೋಗಿಗಳಿಗೆಂದು ಒಂದು ನಿರ್ಣಯ ಹಾಳೆಯನ್ನು ರೂಪಿಸಲಾಯಿತು. ವೈದ್ಯರು ಮತ್ತು ರೋಗಿ ಅದನ್ನು ನಡುವೆ ಇಟ್ಟುಕೊಂಡು ಮಾತನಾಡುತ್ತಾರೆ. ವಿವಿಧ ಕಾಯಿಲೆಗಳಿಗಾಗಿ ರಚಿಸಿದ ಇಂಥ ಸಾಧನಗಳ ಬಗ್ಗೆ ನಡೆದ 209 ಅಧ್ಯಯನಗಳನ್ನು ಕೊಕ್ರೇನ್ ಸಂಸ್ಥೆಯ 2024ರ ಪರಾಮರ್ಶೆಯು ಒಟ್ಟುಗೂಡಿಸಿ ನೋಡಿದೆ. ಅವುಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಜನರು ಪಾಲ್ಗೊಂಡಿದ್ದರು. ಸಾಧನವನ್ನು ಬಳಸಿದವರಿಗೆ ತಮ್ಮ ಕಾಯಿಲೆಯ ಬಗ್ಗೆ ತಿಳಿವಳಿಕೆ ಹೆಚ್ಚಿತ್ತು. ಲಾಭ ಮತ್ತು ಅಪಾಯಗಳ ಅಂದಾಜು ವಾಸ್ತವಕ್ಕೆ ಹತ್ತಿರವಾಗಿತ್ತು. ತಮ್ಮ ಮನಸ್ಸಿಗೆ ಒಪ್ಪುವ ಆಯ್ಕೆಯನ್ನೇ ಅವರು ಮಾಡಿದ್ದರು. ಮುಂಚಿತವಾಗಿ ಓದಿಕೊಂಡು ಬಂದರೆ ವೈದ್ಯರ ಸಮಯವೂ ಹೆಚ್ಚು ತಗುಲಲಿಲ್ಲ.

ಕೇಳುವವರಿಲ್ಲದಿದ್ದರೆ ಸಾಧನ ಸವೆಯುತ್ತದೆ

ಇಷ್ಟು ಉಪಯುಕ್ತವಾದ ಸಾಧನಗಳು ಏಕೆ ಎಲ್ಲೆಡೆ ಬೇರೂರಿಲ್ಲ? ಇದಕ್ಕೆ ಉತ್ತರವು ನಮ್ಮ ರಾಜ್ಯದಲ್ಲಿಯೇ ಆರಂಭವಾದ ಒಂದು ಪ್ರಯೋಗದ ಕಥೆಯಲ್ಲಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪರಿಶೀಲನಾ ಪಟ್ಟಿಯನ್ನು 2010ರ ಜುಲೈಯಿಂದ ಡಿಸೆಂಬರ್‌ವರೆಗೆ ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ ಪರೀಕ್ಷಿಸಲಾಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಜ್ಞರೂ ಅದರಲ್ಲಿ ಪಾಲ್ಗೊಂಡಿದ್ದರು. ಹೆರಿಗೆಯ ಸಮಯದಲ್ಲಿ ಮಾಡಲೇಬೇಕಾದ 29 ಕ್ರಮಗಳ ಪೈಕಿ, ಪಟ್ಟಿ ಬರುವ ಮುನ್ನ ಸರಾಸರಿ 10 ಮಾತ್ರ ನಡೆಯುತ್ತಿದ್ದವು. ಪಟ್ಟಿ ಬಂದ ಮೇಲೆ ಸರಾಸರಿ 25 ನಡೆದವು. ಕಟ್ಟಡ ಅದೇ, ಸಿಬ್ಬಂದಿಯೂ ಬಹುಮಟ್ಟಿಗೆ ಅವರೇ. ಬದಲಾದದ್ದು ಕೆಲಸದ ಕ್ರಮ.

ಈ ಯಶಸ್ಸಿನಿಂದ ಉತ್ತೇಜಿತರಾಗಿ ಉತ್ತರ ಪ್ರದೇಶದ 24 ಜಿಲ್ಲೆಗಳ 120 ಆರೋಗ್ಯ ಕೇಂದ್ರಗಳಲ್ಲಿ ದೊಡ್ಡ ಅಧ್ಯಯನ ನಡೆಸಲಾಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ತರಬೇತುದಾರರು ಆಗಾಗ ಭೇಟಿ ನೀಡುತ್ತಿದ್ದ ಎರಡನೆಯ ತಿಂಗಳಲ್ಲಿ, ಪಟ್ಟಿ ಬಳಸಿದ ಕೇಂದ್ರಗಳಲ್ಲಿ ಅಗತ್ಯ ಕ್ರಮಗಳ ಪಾಲನೆ ಶೇ. 72.8ರಷ್ಟಿತ್ತು, ಇತರ ಕೇಂದ್ರಗಳಲ್ಲಿ ಶೇ. 41.7. ತರಬೇತಿ ನಿಂತ ಬಳಿಕ, ಹನ್ನೆರಡನೆಯ ತಿಂಗಳಿಗೆ, ಅದು ಶೇ. 61.7ಕ್ಕೆ ಇಳಿದಿತ್ತು. ಹೆಚ್ಚು ಕಳವಳದ ಸಂಗತಿಯೆಂದರೆ, ಕ್ರಮಗಳ ಪಾಲನೆ ಇಷ್ಟು ಸುಧಾರಿಸಿದರೂ ತಾಯಿ-ಮಗುವಿನ ಸಾವು ಹಾಗೂ ತೀವ್ರ ತೊಡಕುಗಳ ಪ್ರಮಾಣದಲ್ಲಿ ಎರಡೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಪಟ್ಟಿಯು ಏನು ಮಾಡಬೇಕೆಂದು ನೆನಪಿಸಬಲ್ಲದು. ಆದರೆ ಔಷಧಿ, ರಕ್ತ, ನುರಿತ ಕೈ, ದೊಡ್ಡ ಆಸ್ಪತ್ರೆಗೆ ಸಾಗಿಸುವ ವಾಹನ ಇವನ್ನು ಪಟ್ಟಿಯು ಸೃಷ್ಟಿಸಲಾರದು.

ಇಂಗ್ಲೆಂಡಿನ ಲೀಡ್ಸ್ ನಗರದ ಅನುಭವವೂ ಇದಕ್ಕೆ ಪೂರಕ. ಹೊಟ್ಟೆನೋವಿನ ಕಾರಣವನ್ನು ಗಣಕಯಂತ್ರದ ನೆರವಿನಿಂದ ಗುರುತಿಸುವ ಪ್ರಯೋಗವನ್ನು ಡಾ. ಡಿ ಡಾಂಬಲ್ ಮತ್ತು ಸಂಗಡಿಗರು ಅಲ್ಲಿ ನಡೆಸಿ 1972ರಲ್ಲಿ ಪ್ರಕಟಿಸಿದರು. ಗಣಕಯಂತ್ರದ ನಿರ್ಣಯ ಶೇ. 91.8ರಷ್ಟು ಸರಿಯಾಗಿತ್ತು, ತಂಡದ ಅತಿ ಹಿರಿಯ ವೈದ್ಯರದು ಶೇ. 79.6. ಆದರೆ ನನಗೆ ಹೆಚ್ಚು ಮುಖ್ಯವೆನಿಸಿದ್ದು ನಂತರದ ವರದಿ. ರೋಗಲಕ್ಷಣಗಳನ್ನು ಕ್ರಮಬದ್ಧವಾಗಿ ದಾಖಲಿಸಬೇಕಾದುದರಿಂದ ಪ್ರಯೋಗದ ಅವಧಿಯಲ್ಲಿ ವೈದ್ಯರ ಸ್ವಂತ ನಿರ್ಣಯವೂ ಸುಧಾರಿಸಿತು. ಪ್ರಯೋಗ ಮುಗಿದ ಮೇಲೆ ಮತ್ತೆ ಇಳಿಯಿತು.

ಫೌಂಡ್ರಿ ನಡೆಸುವ ಸದಸ್ಯರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ಎರಕದ ಬಿಡಿಭಾಗಗಳನ್ನು ಕೊಳ್ಳುವ ದೊಡ್ಡ ಕಂಪನಿಯು ಪ್ರತಿ ಲಾಟಿನೊಂದಿಗೆ ತಪಾಸಣಾ ವರದಿ ಕೇಳುವವರೆಗೆ ನಮ್ಮ ಅಳತೆಗಳು ಕರಾರುವಾಕ್ಕಾಗಿರುತ್ತವೆ. ಆರು ತಿಂಗಳು ಯಾರೂ ಕೇಳದಿದ್ದರೆ ವರ್ನಿಯರ್ ಕ್ಯಾಲಿಪರ್ ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ. ನಾವು ಕೆಟ್ಟವರೆಂದಲ್ಲ, ಕೇಳುವವರಿಲ್ಲದ ಕಡೆ ಶಿಸ್ತು ಸವೆಯುತ್ತದೆ. ಆಸ್ಪತ್ರೆಗಳಿಗೂ ಇದೇ ನಿಯಮ. ಆರೋಗ್ಯ ಸೇವೆಯ ಗಿರಾಕಿಗಳು ನಾವು ಮತ್ತು ನಮ್ಮ ಕಾರ್ಮಿಕರು. ನಾವು ಕೇಳದಿದ್ದರೆ ಕೇಳುವವರು ಯಾರು?

ತಪಾಸಣಾ ಶಿಬಿರಗಳ ಲೆಕ್ಕಾಚಾರ

ಈ ಮಾತಿಗೆ ಈಗ ವಿಶೇಷ ಮಹತ್ವ ಬಂದಿದೆ. 2025ರ ನವೆಂಬರ್ 21ರಂದು ಕಾರ್ಮಿಕ ಸಂಹಿತೆಗಳನ್ನು ಜಾರಿಗೊಳಿಸಿದ ಸಂದರ್ಭದಲ್ಲಿ, 40 ವರ್ಷ ಮೀರಿದ ಕಾರ್ಮಿಕರಿಗೆ ಉದ್ಯೋಗದಾತರು ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಒದಗಿಸಬೇಕೆಂದು ಕೇಂದ್ರ ಸರ್ಕಾರ ತಿಳಿಸಿದೆ. ಅಂದರೆ ತಪಾಸಣೆಯನ್ನು ಕೊಳ್ಳುವ ಗಿರಾಕಿಗಳು ಇನ್ನು ಮುಂದೆ ನಾವೇ. "ಅರವತ್ತು ಪರೀಕ್ಷೆಗಳ ಪ್ಯಾಕೇಜ್, ವಿಶೇಷ ರಿಯಾಯಿತಿ" ಎಂಬ ಕರಪತ್ರಗಳು ನಮ್ಮ ಮೇಜಿಗೆ ಬರುವುದು ಸಹಜ. ಪರೀಕ್ಷೆಗಳು ಹೆಚ್ಚಿದಷ್ಟೂ ಒಳ್ಳೆಯದೆಂದು ತೋರುವುದೂ ಸಹಜ. ಒಂದು ಸರಳ ಲೆಕ್ಕ ಮಾಡಿ ನೋಡೋಣ.

ಒಂದು ಕೈಗಾರಿಕಾ ವಸಾಹತಿನಲ್ಲಿ 1,000 ಕಾರ್ಮಿಕರಿದ್ದಾರೆ. ಅವರಲ್ಲಿ 10 ಜನರಿಗೆ ಒಂದು ಕಾಯಿಲೆ ಇದೆ ಎಂದಿಟ್ಟುಕೊಳ್ಳಿ. ಕಾಯಿಲೆ ಇರುವ 100 ಜನರಲ್ಲಿ 90 ಜನರನ್ನು ಹಿಡಿಯುವ, ಇಲ್ಲದ 100 ಜನರಲ್ಲಿ 9 ಜನರಿಗೆ ತಪ್ಪಾಗಿ "ಇದೆ" ಎನ್ನುವ ಪರೀಕ್ಷೆಯನ್ನು ಎಲ್ಲರಿಗೂ ಮಾಡಿಸಿದೆವು. ಕಾಯಿಲೆ ಇರುವ 10 ಜನರಲ್ಲಿ 9 ಜನ ಸಿಕ್ಕರು. ಕಾಯಿಲೆ ಇಲ್ಲದ 990 ಜನರಲ್ಲಿ ಸುಮಾರು 89 ಜನರಿಗೂ "ಇದೆ" ಎಂದೇ ವರದಿ ಬಂತು. ಒಟ್ಟು 98 ಜನರ ಕೈಯಲ್ಲಿ ಕೆಂಪು ಗುರುತಿನ ವರದಿ. ನಿಜವಾಗಿ ಕಾಯಿಲೆ ಇರುವುದು 9 ಜನರಿಗೆ, ಅಂದರೆ ಸುಮಾರು ಹನ್ನೊಂದರಲ್ಲಿ ಒಬ್ಬರಿಗೆ ಮಾತ್ರ. ಉಳಿದವರ ಪಾಲಿಗೆ ಮತ್ತಷ್ಟು ಪರೀಕ್ಷೆ, ರಜೆ, ಸಾಲ, ನಿದ್ರೆಗೇಡು.

ಈಗ ಅದೇ ಪರೀಕ್ಷೆಯನ್ನು ಅಪಾಯ ಹೆಚ್ಚಿರುವವರಿಗೆ, ಅಂದರೆ ನೂರರಲ್ಲಿ ಹತ್ತು ಜನರಿಗೆ ಕಾಯಿಲೆ ಇರುವಂಥ 1,000 ಜನರ ಗುಂಪಿಗೆ ಮಾಡಿಸಿದೆವೆನ್ನಿ. ಸರಿಯಾಗಿ ಸಿಗುವವರು 90. ತಪ್ಪು ವರದಿ ಪಡೆಯುವವರು 81. ಅರ್ಧಕ್ಕಿಂತ ಹೆಚ್ಚು ವರದಿಗಳು ನಿಜ. ಪರೀಕ್ಷೆಯೂ ಅದೇ, ಯಂತ್ರವೂ ಅದೇ. ಆರಿಸಿದ ಜನ ಮಾತ್ರ ಬೇರೆ. ಆದ್ದರಿಂದ ಪರೀಕ್ಷೆಗೆ ಮುನ್ನ ಯಾರಿಗೆ ಅಪಾಯ ಹೆಚ್ಚು ಎಂದು ವಿಂಗಡಿಸುವುದು ಅಗತ್ಯ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪರಿಷ್ಕರಿಸಿದ ಹೃದ್ರೋಗ ಅಪಾಯ ಕೋಷ್ಟಕಗಳಲ್ಲಿ ಒಂದಕ್ಕೆ ರಕ್ತಪರೀಕ್ಷೆಯೂ ಬೇಕಿಲ್ಲ. ವಯಸ್ಸು, ಲಿಂಗ, ಧೂಮಪಾನ, ರಕ್ತದೊತ್ತಡ, ಎತ್ತರಕ್ಕೆ ತಕ್ಕ ತೂಕ ಇವುಗಳಿಂದಲೇ ಮುಂದಿನ ಹತ್ತು ವರ್ಷಗಳ ಅಪಾಯವನ್ನು ಅಂದಾಜು ಮಾಡಬಹುದು. ದಕ್ಷಿಣ ಏಷ್ಯಾಕ್ಕೆಂದೇ ಪ್ರತ್ಯೇಕ ಕೋಷ್ಟಕವಿದೆ.

ಇನ್ನೊಂದು ಮಾತು. "ಅಪಾಯ ಶೇ. 50ರಷ್ಟು ಇಳಿಯುತ್ತದೆ" ಎಂಬ ಜಾಹೀರಾತನ್ನು ಕಂಡಾಗ "ಎಷ್ಟರಿಂದ ಎಷ್ಟಕ್ಕೆ?" ಎಂದು ಕೇಳಬೇಕು. ನೂರರಲ್ಲಿ 40ರಿಂದ 20ಕ್ಕೆ ಇಳಿದರೂ ಶೇ. 50, ನೂರರಲ್ಲಿ 2ರಿಂದ 1ಕ್ಕೆ ಇಳಿದರೂ ಶೇ. 50. ಮೂಲ ಬೆಲೆ ಹೇಳದೆ ರಿಯಾಯಿತಿಯನ್ನಷ್ಟೇ ಹೇಳುವ ಅಂಗಡಿಯನ್ನು ನಾವು ನಂಬುತ್ತೇವೆಯೇ?

ಗಣಕಯಂತ್ರ ಹೇಳಿತೆಂದ ಮಾತ್ರಕ್ಕೆ

ಕೃತಕ ಬುದ್ಧಿಮತ್ತೆಯ ಬಗ್ಗೆ ಇಂದು ದೊಡ್ಡ ದೊಡ್ಡ ಮಾತುಗಳು ಕೇಳಿಬರುತ್ತಿವೆ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ.

ಕ್ಯಾನ್ಸರ್ ಚಿಕಿತ್ಸೆಗೆ ಸಲಹೆ ನೀಡುವ ಐಬಿಎಂ ಕಂಪನಿಯ "ವಾಟ್ಸನ್" ವ್ಯವಸ್ಥೆಯನ್ನು ಬೆಂಗಳೂರಿನ ಮಣಿಪಾಲ್ ಆಸ್ಪತ್ರೆಯು ಅಳವಡಿಸಿಕೊಂಡಿತ್ತು. 638 ಸ್ತನ ಕ್ಯಾನ್ಸರ್ ಪ್ರಕರಣಗಳಲ್ಲಿ ಶೇ. 93ರಷ್ಟು ಸಂದರ್ಭಗಳಲ್ಲಿ ಅದರ ಸಲಹೆಯು ಅಲ್ಲಿನ ತಜ್ಞ ವೈದ್ಯರ ಮಂಡಳಿಯ ಸಲಹೆಗೆ ಹೊಂದಿಕೆಯಾಯಿತು ಎಂಬ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅಂಕಿ ಆಕರ್ಷಕವಾಗಿದೆ. ಆದರೆ ವೈದ್ಯರ ಮಾತಿಗೆ ಯಂತ್ರ ತಲೆದೂಗುವುದು ಬೇರೆ, ರೋಗಿಯು ಗುಣವಾಗುವುದು ಬೇರೆ. ಮೊದಲನೆಯದನ್ನು ಅಳೆದ ಮಾತ್ರಕ್ಕೆ ಎರಡನೆಯದು ಸಿದ್ಧವಾಗದು. ಐಬಿಎಂ 2022ರಲ್ಲಿ ತನ್ನ ಆರೋಗ್ಯ ದತ್ತಾಂಶ ವ್ಯವಹಾರವನ್ನು ಹೂಡಿಕೆ ಸಂಸ್ಥೆಯೊಂದಕ್ಕೆ ಮಾರಿತು.

ಅಮೆರಿಕದ ಇನ್ನೊಂದು ಪ್ರಕರಣ ಲೆಕ್ಕ ಬಲ್ಲ ನಮಗೆ ಬೇಗ ಅರ್ಥವಾಗುವಂಥದು. ಯಾವ ರೋಗಿಗಳಿಗೆ ಹೆಚ್ಚಿನ ಆರೈಕೆ ಬೇಕೆಂದು ವಿಂಗಡಿಸುವ ತಂತ್ರಾಂಶವೊಂದು ಅಲ್ಲಿ ವ್ಯಾಪಕ ಬಳಕೆಯಲ್ಲಿತ್ತು. ಅದು ಕಾಯಿಲೆಯ ತೀವ್ರತೆಯನ್ನು ನೇರವಾಗಿ ಅಳೆಯದೆ, ಮುಂದೆ ಆಗಬಹುದಾದ ಚಿಕಿತ್ಸಾ ವೆಚ್ಚವನ್ನೇ ಅಳತೆಗೋಲಾಗಿ ಇಟ್ಟುಕೊಂಡಿತ್ತು. ಕಪ್ಪು ಜನಾಂಗದವರ ಚಿಕಿತ್ಸೆಗೆ ಮೊದಲಿನಿಂದಲೂ ಕಡಿಮೆ ಹಣ ವ್ಯಯವಾಗುತ್ತಿದ್ದುದರಿಂದ, ಅಷ್ಟೇ ಕಾಯಿಲೆ ಇದ್ದರೂ ಅವರು ಆರೋಗ್ಯವಂತರೆಂದು ಲೆಕ್ಕಕ್ಕೆ ಬಂದರು. 2019ರಲ್ಲಿ ಸಂಶೋಧಕರು ಈ ದೋಷವನ್ನು ಬಯಲಿಗೆಳೆದರು. ದೋಷವನ್ನು ಸರಿಪಡಿಸಿದರೆ ಹೆಚ್ಚುವರಿ ಆರೈಕೆಗೆ ಆಯ್ಕೆಯಾಗುವವರಲ್ಲಿ ಕಪ್ಪು ಜನರ ಪ್ರಮಾಣ ಶೇ. 17.7ರಿಂದ ಶೇ. 46.5ಕ್ಕೆ ಏರುತ್ತಿತ್ತು. ಖರ್ಚು ಮಾಡಲಾಗದವನನ್ನು ಕಾಯಿಲೆ ಇಲ್ಲದವನೆಂದು ಎಣಿಸಿದ ಲೆಕ್ಕವಿದು. ವೈದ್ಯರ ಬಳಿಗೆ ಹೋಗಲು ಹಣವಿಲ್ಲದೆ ಮಾತ್ರೆ ನುಂಗಿ ಕೆಲಸಕ್ಕೆ ಬರುವ ನಮ್ಮ ಹಮಾಲರನ್ನು ಇಂಥ ತಂತ್ರಾಂಶವು ಹೇಗೆ ಅಳೆಯಬಹುದೆಂದು ಊಹಿಸಿಕೊಳ್ಳಿ.

ಆದ್ದರಿಂದ ಯಾವುದೇ ಆಸ್ಪತ್ರೆ ಅಥವಾ ವಿಮಾ ಕಂಪನಿಯು ತಂತ್ರಾಂಶದ ನಿರ್ಣಯವನ್ನು ಮುಂದಿಟ್ಟಾಗ, ಅದು ಏನನ್ನು ಅಳೆಯುತ್ತದೆ, ಯಾವ ಜನರ ಮಾಹಿತಿಯಿಂದ ಸಿದ್ಧವಾಗಿದೆ, ಅದರ ಬಳಕೆಯಿಂದ ರೋಗಿಗಳಿಗೆ ಒಳಿತಾಗಿದೆಯೆಂದು ಎಲ್ಲಿ ತೋರಿಸಲಾಗಿದೆ, ತಪ್ಪಾದರೆ ಹೊಣೆ ಯಾರು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳುವ ಹಕ್ಕು ನಮಗಿದೆ.

ಕೆಲವು ಆಕ್ಷೇಪಗಳು

ಪ್ರಶ್ನೆ ಕೇಳಿದರೆ ವೈದ್ಯರು ಬೇಸರಿಸಿಕೊಳ್ಳುತ್ತಾರೆಂಬ ಭಯ ಸಹಜ. ಆದರೆ ನನ್ನ ಪರಿಚಯದ ವೈದ್ಯರು ಹೇಳುವುದು ಬೇರೆ. ಗಿಜಿಗುಟ್ಟುವ ಹೊರರೋಗಿ ವಿಭಾಗದಲ್ಲಿ ಅವರಿಗೆ ತೊಂದರೆಯಾಗುವುದು ಸಿದ್ಧತೆಯಿಲ್ಲದ ಮಾತುಗಳಿಂದ. ಬರೆದುಕೊಂಡು ಬಂದ ನಾಲ್ಕು ಪ್ರಶ್ನೆಗಳಿಂದಲ್ಲ. ಸಂಶಯಪಡುವ ಗಿರಾಕಿಗೂ ತಿಳಿದುಕೊಳ್ಳಬಯಸುವ ಗಿರಾಕಿಗೂ ಇರುವ ವ್ಯತ್ಯಾಸವನ್ನು ನಾವು ನಮ್ಮ ಅಂಗಡಿಯಲ್ಲಿ ಗುರುತಿಸುತ್ತೇವೆ, ಅವರೂ ಗುರುತಿಸುತ್ತಾರೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಮಾಲೀಕನು ಕಾರ್ಮಿಕನ ಆರೋಗ್ಯದ ಆಯ್ಕೆಯಲ್ಲಿ ತಲೆಹಾಕಬಹುದೇ? ನನ್ನ ಸ್ಪಷ್ಟ ಉತ್ತರ: ಆಯ್ಕೆ ಕಾರ್ಮಿಕನದು, ಆತನ ಕುಟುಂಬದ್ದು. ನಾವು ಒದಗಿಸಬೇಕಾದದ್ದು ಸಾಧನ ಮತ್ತು ಸಮಯ. ಪ್ರತಿಯೊಬ್ಬನ ತಪಾಸಣಾ ವರದಿಯು ಆತನ ಕೈಗೆ ಹೋಗಬೇಕೇ ಹೊರತು ನಮ್ಮ ಮೇಜಿಗಲ್ಲ. ಸಕ್ಕರೆ ಕಾಯಿಲೆ ಇದೆಯೆಂಬ ಕಾರಣಕ್ಕೆ ಒಬ್ಬನ ಓವರ್‌ಟೈಮ್ ಕಡಿತವಾದರೆ ಮರುವರ್ಷ ಯಾರೂ ಶಿಬಿರಕ್ಕೆ ಬರಲಾರರು. ವೈಯಕ್ತಿಕ ಮಾಹಿತಿಯ ಬಳಕೆಗೆ ಒಪ್ಪಿಗೆಯನ್ನು ಆಧಾರವಾಗಿಸಿಕೊಂಡ ಕಾಯ್ದೆಯೂ 2023ರಲ್ಲಿ ಬಂದಿದೆ. ಕಾಯ್ದೆಯ ಮಾತು ಹಾಗಿರಲಿ, ಇದು ನಂಬಿಕೆಯ ಪ್ರಶ್ನೆ.

ನಾವು ಮಾಡಬಹುದಾದ ಕೆಲಸ

ನಮ್ಮ ಸಂಸ್ಥೆಯ ಮುಂದೆ ಮೂರು ಸಲಹೆಗಳನ್ನು ಇಡಬಯಸುತ್ತೇನೆ.

ಮೊದಲನೆಯದಾಗಿ, ಸ್ಥಳೀಯ ವೈದ್ಯರ ಸಂಘದ ಸಹಕಾರದಿಂದ ಕನ್ನಡ ಮತ್ತು ಮರಾಠಿಯಲ್ಲಿ ಒಂದು ಪುಟದ ಪ್ರಶ್ನಾ ಹಾಳೆಯನ್ನು ಮುದ್ರಿಸಿ ಪ್ರತಿ ಘಟಕಕ್ಕೂ ಹಂಚಬೇಕು. ತುರ್ತಲ್ಲದ ಯಾವುದೇ ದೊಡ್ಡ ಚಿಕಿತ್ಸೆಗೆ ಮುನ್ನ ಕೇಳಬೇಕಾದ ಐದೇ ಪ್ರಶ್ನೆಗಳು ಅದರಲ್ಲಿರಲಿ: ಈ ಚಿಕಿತ್ಸೆಯಿಂದ ನನ್ನಂಥ ನೂರು ಜನರಲ್ಲಿ ಎಷ್ಟು ಜನರಿಗೆ ಲಾಭವಾಗುತ್ತದೆ, ಮಾಡಿಸದಿದ್ದರೆ ಎಷ್ಟು ಜನ ಹಾಗೆಯೇ ಸರಿಯಾಗಿರುತ್ತಾರೆ? ಲಾಭವೆಂದರೆ ಆಯುಷ್ಯ ಹೆಚ್ಚುವುದೋ, ನೋವು ಕಡಿಮೆಯಾಗುವುದೋ? ಅಪಾಯಗಳೇನು? ಬೇರೆ ದಾರಿ ಯಾವುದು, ಎಷ್ಟು ದಿನ ಕಾಯಬಹುದು? ಒಟ್ಟು ಖರ್ಚೆಷ್ಟು, ನಂತರ ಔಷಧಿಗೆ ತಿಂಗಳಿಗೆಷ್ಟು?

ಎರಡನೆಯದಾಗಿ, ಸಣ್ಣ ಘಟಕಗಳು ಬಿಡಿಬಿಡಿಯಾಗಿ ತಪಾಸಣಾ ಪ್ಯಾಕೇಜುಗಳನ್ನು ಕೊಳ್ಳದೆ ಒಟ್ಟಾಗಿ ಕೊಳ್ಳಬೇಕು. ಕಾಯ್ದೆಯು ಕೇಳುವ ಪರೀಕ್ಷೆಗಳು ಎಲ್ಲರಿಗೂ ನಡೆಯಲಿ. ಅದಕ್ಕಿಂತ ಹೆಚ್ಚಿನವು ಅಪಾಯ ಕೋಷ್ಟಕದ ಪ್ರಕಾರ ಅಗತ್ಯವಿದ್ದವರಿಗೆ ಮಾತ್ರ ನಡೆಯಲಿ. ಅಸಹಜ ವರದಿ ಬಂದವರಿಗೆ ಮುಂದಿನ ದಾರಿ ತೋರಿಸುವ ಹೊಣೆಯನ್ನು ಪ್ರಯೋಗಾಲಯದೊಂದಿಗಿನ ಕರಾರಿನಲ್ಲಿಯೇ ಸೇರಿಸಬೇಕು. ದಾರಿ ತೋರಿಸದ ತಪಾಸಣೆಯು ಉತ್ತರ ಪ್ರದೇಶದ ಪಟ್ಟಿಯಂತೆ ಕಾಗದದ ಮೇಲಷ್ಟೇ ಸುಂದರ.

ಮೂರನೆಯದಾಗಿ, ಗುಂಪು ಆರೋಗ್ಯ ವಿಮೆಯ ಆಯ್ಕೆಗೆ ಒಂದು ಹೋಲಿಕೆ ಪಟ್ಟಿಯನ್ನು ಸಂಸ್ಥೆಯ ಕಚೇರಿಯಲ್ಲಿ ಇಡಬೇಕು. ಪ್ರೀಮಿಯಂ ಒಂದನ್ನೇ ನೋಡದೆ, ಕೊಠಡಿ ಬಾಡಿಗೆಯ ಮಿತಿ, ಹಳೆಯ ಕಾಯಿಲೆಗಳಿಗೆ ಕಾಯಬೇಕಾದ ಅವಧಿ, ರೋಗಿಯೇ ಭರಿಸಬೇಕಾದ ಪಾಲು, ನಮ್ಮ ಊರಿನಲ್ಲಿ ನಗದುರಹಿತ ಸೌಲಭ್ಯವಿರುವ ಆಸ್ಪತ್ರೆಗಳು ಇವುಗಳಿಗೆಲ್ಲ ಅಂಕ ಕೊಟ್ಟು ಹೋಲಿಸಬೇಕು. ಇದು ನಾವು ದಿನವೂ ಮಾಡುವ ಲೆಕ್ಕವೇ.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಬಂಡವಾಳ ಬೇಕಿಲ್ಲ. ಬೇಕಾದದ್ದು, ಒಂದು ವರ್ಷ ಮಾಡಿ ಬಿಡದೆ ಪ್ರತಿ ವರ್ಷವೂ ಕೇಳುತ್ತಿರುವ ಪಟ್ಟು. ಲೀಡ್ಸ್ ಮತ್ತು ಉತ್ತರ ಪ್ರದೇಶದ ಅನುಭವಗಳೆರಡೂ ನಮಗೆ ಹೇಳುತ್ತಿರುವುದು ಇದನ್ನೇ.

ಆ ಟರ್ನರ್ ಅವರ ಜಾಗದಲ್ಲಿ ಈಗ ಅವರ ಮಗ ಕೆಲಸ ಮಾಡುತ್ತಿದ್ದಾರೆ. ವಯಸ್ಸು ಮೂವತ್ತೈದು, ಬೀಡಿ ಸೇದುತ್ತಾರೆ, ತಂದೆಗೆ ಹೃದ್ರೋಗವಿದ್ದದ್ದು ಎಲ್ಲರಿಗೂ ಗೊತ್ತು. ಮುಂದೊಂದು ಸಂಜೆ ಅವರೂ ನನ್ನ ಮೇಜಿನ ಮುಂದೆ ನಿಲ್ಲುವ ಪ್ರಸಂಗ ಬಾರದಿರಲಿ. ಬಂದರೆ, ಮುಂಗಡದ ಚೆಕ್ ಬರೆಯುವ ಮುನ್ನ ಆ ಪ್ರಶ್ನಾ ಹಾಳೆಯನ್ನು ಅವರ ಕೈಗಿತ್ತು, "ಮೊದಲು ಇದನ್ನ ಕೇಳಿಕೊಂಡು ಬಾರಪ್ಪ, ರೊಕ್ಕದ ಚಿಂತಿ ಆಮ್ಯಾಲೆ" ಎನ್ನುವ ಧೈರ್ಯ ನನಗಿರಲಿ. ಆ ಹಾಳೆಯನ್ನು ಸಿದ್ಧಪಡಿಸುವ ಕೆಲಸವನ್ನು ಸಂಸ್ಥೆಯ ಕಾರ್ಯಕಾರಿ ಸಮಿತಿಯು ಮುಂದಿನ ಸಭೆಯಲ್ಲಿಯೇ ಕೈಗೆತ್ತಿಕೊಳ್ಳಬೇಕೆಂದು ಸವಿನಯವಾಗಿ ಕೋರುತ್ತೇನೆ.